ಎಪಿಫಾನಿಯಾಳಿಗೆ ಬರಬೇಕಿದ್ದ ಕಾಲು

ನಮ್ಮ ಚಿಲ್ಕಾಪಂಪದಲ್ಲಿ ಎಪಿಫಾನಿಯಾಳಿಗೆ ಎರಡು ಹೆಸರು. ಪಾದ್ರಿ ಇಟ್ಟದ್ದು ಎಪಿಫಾನಿಯಾ, ಊರು ಇಟ್ಟದ್ದು ರೊಕೊತೊ. ರೊಕೊತೊ ಅಂದರೆ ಹಿತ್ತಲಲ್ಲಿ ಬೆಳೆಯುವ ಮೆಣಸಿನಕಾಯಿ. ಕೆಂಪಗೆ, ದುಂಡಗೆ, ನೋಡಲು ಥೇಟ್ ಹಣ್ಣಿನ ಹಾಗೆ. ಗೊತ್ತಿಲ್ಲದೆ ಕಚ್ಚಿದವರು ಹೊಳೆಗೆ ಬಾಯಿಟ್ಟು ಮಲಗುತ್ತಾರೆ. ಎಪಿಫಾನಿಯಾಳ ಮುಖವೂ ಹಾಗೇ, ದುಂಡಗೆ, ಕೆನ್ನೆ ಕೆಂಪಗೆ. ಹೊರಗಿನವರು ‘ಎಷ್ಟು ಸೌಮ್ಯ ಹೆಂಗಸು’ ಅಂದುಕೊಂಡು ಹತ್ತಿರ ಹೋಗುತ್ತಿದ್ದರು. ಮಿಕ್ಕದ್ದನ್ನು ಅವಳು ನೋಡಿಕೊಳ್ಳುತ್ತಿದ್ದಳು.

ಆ ಸಿಟ್ಟು ಹುಟ್ಟಿನಿಂದ ಬಂದದ್ದಲ್ಲ. ಜಮೀನ್ದಾರರ ಕಾಲದಲ್ಲಿ, ಅವಳಿಗಿನ್ನೂ ಹಾಲುಹಲ್ಲು ಬೀಳುತ್ತಿದ್ದಾಗ, ಜಮೀನ್ದಾರನ ಒಂದು ಕುರಿಯನ್ನು ನರಿ ತಿಂದಿತು. ಕಾಯುತ್ತಿದ್ದವಳು ಎಪಿಫಾನಿಯಾಳ ತಾಯಿ. ಪಾರುಪತ್ಯಗಾರ ಕುದುರೆ ಮೇಲೆ ಬಂದವನು ಇಳಿಯಲೂ ಇಲ್ಲ. ಬಗ್ಗಿ ಆ ತಾಯಿಯ ಹೆಗಲ ಮೇಲಿನ ಶಾಲನ್ನು ಕಿತ್ತುಕೊಂಡ. ಪುಕ್ಕಟೆ ದುಡಿದು ತೀರಿಸುವತನಕ ಶಾಲು ಒತ್ತೆ. ತಾಯಿ ಆ ಶಾಲನ್ನು ಒಂದು ಮಳೆಗಾಲ ಪೂರ್ತಿ ಕೂತು ನೇಯ್ದಿದ್ದಳು. ಅವಳು ತಲೆ ತಗ್ಗಿಸಿ ನಿಂತಳು. ಮಗಳು ನಿಲ್ಲಲಿಲ್ಲ. ಹಾರಿ ಅವನ ಕೈ ಕಚ್ಚಿದಳು. ಅವನು ಕೊಡವಿದ ರಭಸಕ್ಕೆ ಅಲ್ಲಾಡುತ್ತಿದ್ದ ಹಲ್ಲು ಅವನ ಕೈಗವುಸಿನಲ್ಲೇ ಉಳಿಯಿತು. ಹಲ್ಲು ಮತ್ತೆ ಬಂತು, ಶಾಲು ಬರಲಿಲ್ಲ. ಅವತ್ತು ಹಿಡಿದ ಸಿಟ್ಟನ್ನು ಅವಳು ಆಮೇಲೆ ಕೆಳಗಿಳಿಸಿದ್ದನ್ನು ಯಾರೂ ಕಂಡಿಲ್ಲ.

ಅವಳನ್ನು ಕಟ್ಟಿಕೊಂಡವನು ಮೆಲಿತೋನ್. ಮಾತು ಕಮ್ಮಿ, ನಗು ಜಾಸ್ತಿ. ಅವಳು ಒಲೆ ಮುಂದೆ ಕೂತು ಊರಿನವರನ್ನೆಲ್ಲ ಒಬ್ಬೊಬ್ಬರಾಗಿ ಎತ್ತಿ ಬೈಯುತ್ತಿದ್ದರೆ ಅವನು ಕೋಕಾ ಎಲೆ ಜಗಿಯುತ್ತ, “ಬೈಯಿ, ಬೈಯಿ. ನೀನು ಸುಮ್ಮನಾದರೆ ಮನೆ ತಣ್ಣಗಾಗುತ್ತೆ” ಎನ್ನುತ್ತಿದ್ದ. ಮಕ್ಕಳು ಉಳಿಯಲಿಲ್ಲ. ಗಣಿಯಲ್ಲಿ ಕೆಲವು ವರ್ಷ ದುಡಿದು ಬಂದವನಿಗೆ ಎದೆಯಲ್ಲಿ ಕಲ್ಲಿನ ಧೂಳು ಕೂತಿತ್ತು. ಮೆಟ್ಟಿಲು ಹತ್ತಿದರೆ ಕೊಳಲಿನ ಹಾಗೆ ಸದ್ದು. ಅದಕ್ಕೂ ಅವಳು ಬೈದಳು. ಬೈಯುತ್ತಲೇ ಅವನಿಗೆ ಬಿಸಿನೀರು, ಬೈಯುತ್ತಲೇ ಅವನ ಕಾಲಿಗೆ ಕೊಬ್ಬು ತಿಕ್ಕುವುದು.

ಇನ್ನು ಅವಳ ಗೆಳತಿಯರು. ಒಬ್ಬಳು ನಿಕೊಲಾಸಾ, ಇನ್ನೊಬ್ಬಳು ಬೆನಿತಾ. ಮೂವರೂ ಕುರಿ ಕಾಯುವ ವಯಸ್ಸಿನಿಂದ ಜೊತೆ. ನಿಕೊಲಾಸಾ ಎತ್ತರ, ಚೆಲುವೆ, ಜಡೆಯ ಬಗ್ಗೆ ಜಂಬ. ಬೆನಿತಾಳಿಗೆ ಯಾವುದನ್ನು ನೋಡಿದರೂ ನಗು. ಹೆಣದ ಮನೆಯಲ್ಲೂ ಅವಳ ಪಕ್ಕ ಕೂರಲು ಜನ ಹೆದರುತ್ತಿದ್ದರು, ನಗಿಸಿಬಿಡುತ್ತಾಳೆ ಅಂತ. ವರ್ಷವರ್ಷವೂ ಜೂನ್‌ನ ಚಳಿ ಬಂತೆಂದರೆ ಮೂವರೂ ಲಾಮಾಗಳ ಮೇಲೆ ಆಲೂಗಡ್ಡೆ ಹೇರಿಕೊಂಡು ಯಾನಪಿರ್ಕಕ್ಕೆ ಹತ್ತುತ್ತಿದ್ದರು, ಚುನ್ಯೊ ಮಾಡಲು, ಅಂದರೆ ಗಡ್ಡೆಯನ್ನು ಹಿಮಕ್ಕೆ ಹಾಕಿ ಒಣಗಿಸಲು.

ಯಾನಪಿರ್ಕ ಇಂಕಾ ಅರಸರ ಕಾಲದ ಊರು. ಈಗ ಅಲ್ಲಿ ಛಾವಣಿ ಇಲ್ಲ, ಜನ ಇಲ್ಲ. ಕರಿಕಲ್ಲಿನ ಒಂದು ಮಹಾಗೋಡೆ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಹಳೆಯ ಗದ್ದೆ, ಮುಂದೆ ಹುಲ್ಲಿನ ಬಯಲು. ಎತ್ತರಕ್ಕೆ ಹೊರಗಿನವರ ಮೂಗಿನಲ್ಲಿ ರಕ್ತ ಬರುತ್ತದೆ. ಆ ಬಯಲಿನ ಹಿಮ ಬೇರೆಲ್ಲೂ ಸಿಗುವುದಿಲ್ಲ. ನಮ್ಮ ಕಹಿ ಗಡ್ಡೆ ಹಾಗೇ ಬೇಯಿಸಿದರೆ ಬಾಯಿಗಿಡಲಾಗದು. ರಾತ್ರಿಯ ಹಿಮಕ್ಕೆ ಹಾಸಬೇಕು, ಅದು ಕಲ್ಲಾಗಬೇಕು, ಬಿಸಿಲೇರಿ ಬೆವರಲು ಶುರುವಾದಾಗ ಬರಿಗಾಲಲ್ಲಿ ತುಳಿದು ನೀರು ಹಿಂಡಬೇಕು. ಆಮೇಲೆ ಒಣಗಿಸಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಬೆವರಿದ ಗಡ್ಡೆಯನ್ನು ಅವತ್ತೇ ತುಳಿಯದಿದ್ದರೆ ಹುಳಿತು ಹೋಯಿತು, ವರ್ಷದ ಊಟ ಹೋಯಿತು.

ತುಳಿಯುವುದು ಒಬ್ಬರ ಕೆಲಸವಲ್ಲ. ಅದಕ್ಕೇ ಮುಯ್ಯಾಳು. ನನ್ನ ಹೊಲಕ್ಕೆ ನೀನು ಬಂದರೆ ನಿನ್ನ ಹೊಲಕ್ಕೆ ನಾನು. ಆದರೆ ಗುದ್ದಲಿಯ ಮುಯ್ಯಿಗೆ ಮಗನನ್ನೋ ಅಳಿಯನನ್ನೋ ಕಳಿಸಬಹುದು. ಚುನ್ಯೊ ತುಳಿದ ಮುಯ್ಯಿಗೆ ಹಾಗಿಲ್ಲ. ಯಾರ ಗಡ್ಡೆ ತುಳಿದುಕೊಟ್ಟರೋ ಅವರದೇ ಕಾಲು ಬರಬೇಕು. ಹಿಮದಲ್ಲಿ ಬಿರಿದ ಹಿಮ್ಮಡಿಗೆ ಹಿಮದಲ್ಲಿ ಬಿರಿದ ಹಿಮ್ಮಡಿ. ಇದನ್ನು ಯಾರೂ ಯಾರಿಗೂ ಕಲಿಸಿಕೊಟ್ಟಿಲ್ಲ, ಎಲ್ಲರಿಗೂ ಗೊತ್ತು.

ಹಿಂದಿನ ಜೂನ್‌ನಲ್ಲಿ ನಿಕೊಲಾಸಾಳ ಪಾದ ಉಳುಕಿ ಕುಂಬಳದಷ್ಟು ಊದಿತ್ತು. ಮೆಲಿತೋನನ ಎದೆ ಆ ವಾರ ಸ್ವಲ್ಪ ಸಡಿಲಿತ್ತು. “ಹೋಗಿ ಬಾ, ಅವಳ ಗಡ್ಡೆ ಹಾಳಾಗಬಾರದು” ಎಂದು ಅವನೇ ಅಂದ. ಎಪಿಫಾನಿಯಾ ತನ್ನದರ ಜೊತೆ ನಿಕೊಲಾಸಾಳದ್ದನ್ನೂ ಹಾಸಿದಳು. ತನ್ನದನ್ನು ಬೆನಿತಾಳಿಗೆ ಬಿಟ್ಟು ಇಡೀ ಬೆಳಿಗ್ಗೆ ನಿಕೊಲಾಸಾಳ ಗಡ್ಡೆ ತುಳಿದಳು. ತುಳಿಯುತ್ತಿದ್ದಾಗಲೇ ಕೆಳಗೆ ಮೆಲಿತೋನ್ ಸತ್ತ. ಸಾಯುವ ಮುಂಚೆ ಅವಳ ಹೆಸರು ಕರೆದದ್ದು ಪಕ್ಕದ ಮನೆಗೆ ಕೇಳಿಸಿತಂತೆ. ನೆರೆಯವಳು ಬಂದಾಗ ಒಲೆ ಆರಿತ್ತಂತೆ.

ಎಪಿಫಾನಿಯಾ ಅಳಲಿಲ್ಲ. ಅವನನ್ನು ಹೂಳುವಾಗ ಗುಂಡಿ ಅಗೆದವರನ್ನು ಬೈದಳು, ಸಾಕಷ್ಟು ಆಳವಿಲ್ಲ ಅಂತ. ಆಮೇಲೆ ಒಂದು ವರ್ಷ ಆ ಬೆಳಗಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನಿಕೊಲಾಸಾಳೂ ಆಡಲಿಲ್ಲ. ದಾರಿಯಲ್ಲಿ ಸಿಕ್ಕರೆ, “ಹೇಗಿದ್ದೀಯೆ?” “ಇದ್ದೀನಿ.” ಅಷ್ಟೇ. ಎಪಿಫಾನಿಯಾ ಒಂದಕ್ಕೇ ಕಾದಿದ್ದಳು: ಜೂನ್ ಬರಲಿ. ಆ ಕಾಲು ಬರಲಿ. ಯಾನಪಿರ್ಕದ ಬಯಲಲ್ಲಿ ತನ್ನ ಗಡ್ಡೆಯ ಮೇಲೆ ನಿಕೊಲಾಸಾಳ ಕಾಲು ಕೆಂಪಾಗಿ ನೀಲಿಯಾಗಿ ಬಿರಿಯುವುದನ್ನು ತಾನು ಕಣ್ಣಾರೆ ನೋಡಬೇಕು. ಆಗ ಆ ಬೆಳಿಗ್ಗೆ ಮುಗಿಯುತ್ತದೆ. ಅಲ್ಲಿಯತನಕ ಮುಗಿಯುವುದಿಲ್ಲ.

ಜೂನ್ ಬಂತು. ಮೂವರೂ ಹೊರಟರು. ಎಪಿಫಾನಿಯಾಳ ಲಾಮಾಗಳ ಮೇಲೆ ಗಡ್ಡೆಯ ಚೀಲ, ಬೆನಿತಾಳ ಲಾಮಾಗಳ ಮೇಲೆ ಗಡ್ಡೆಯ ಚೀಲ. ನಿಕೊಲಾಸಾಳ ಒಂದೇ ಲಾಮಾ. ಅದರ ಮೇಲೆ ಹಾಸಿಗೆ ಹೊದಿಕೆ ಮತ್ತು ಒಂದು ದೊಡ್ಡ ಪ್ಲಾಸ್ಟಿಕ್ ಚೀಲ.

“ಇದೇನೇ, ಗಡ್ಡೆ ಎಲ್ಲಿ?” ಬೆನಿತಾ ಕೇಳಿದಳು.

“ಈ ಸಲ ತರಲಿಲ್ಲ. ಮನೇಲಿ ಹಳೇದು ಇದೆ.”

“ಹಳೇದು ಇದೆಯಂತೆ!” ಎಪಿಫಾನಿಯಾ ತನ್ನ ಲಾಮಾದ ಕಿವಿಗೆ ಹೇಳಿದಳು. “ದೊಡ್ಡ ಮನುಷ್ಯರು ಈಗ ಅಕ್ಕಿ ತಿಂತಾರೆ ಕಣಪ್ಪ, ಪೇಟೆ ಅಕ್ಕಿ. ಚುನ್ಯೊ ತಿನ್ನೋದು ನಾನೂ ನೀನೂ.”

“ಲಾಮಾ ಚುನ್ಯೊ ತಿನ್ನಲ್ಲ” ಅಂದಳು ಬೆನಿತಾ.

“ನನ್ನ ಮನೇದು ತಿನ್ನುತ್ತೆ.”

ಏರು ಶುರುವಾಯಿತು. ಮಾತಿಗೆ ಉಸಿರು ಉಳಿಯಲಿಲ್ಲ. ಆದರೆ ಆ ಪ್ಲಾಸ್ಟಿಕ್ ಚೀಲ ಗಾಳಿಗೆ ಪರಪರ ಅನ್ನುತ್ತಲೇ ಇತ್ತು. ಕಣಿವೆಯ ತುದಿಯಲ್ಲಿ ದಾರಿಹೋಕರು ಕಲ್ಲು ಪೇರಿಸಿ ಪೇರಿಸಿ ಒಂದು ರಾಶಿಯಾಗಿದೆ; ಹತ್ತಿ ಬಂದವರು ಒಂದೊಂದು ಕಲ್ಲಿಟ್ಟು, ದಣಿವನ್ನು ಅಲ್ಲೇ ಬಿಟ್ಟು ಹೋಗಬೇಕು. ಬೆನಿತಾ ಕಲ್ಲಿಟ್ಟಳು. ನಿಕೊಲಾಸಾ ಮುತ್ತಿಟ್ಟು ಇಟ್ಟಳು. ಎಪಿಫಾನಿಯಾ ದೂರದಿಂದಲೇ ಎಸೆದಳು. ಮೇಲಿನ ಎರಡು ಕಲ್ಲು ಉರುಳಿದವು.

ಕೂತು ಜೋಳ, ಗಿಣ್ಣು ಬಿಚ್ಚಿದಾಗ ಬೆನಿತಾ ತಡೆಯಲಾರದೆ ಆ ಚೀಲಕ್ಕೆ ಕೈಹಾಕಿದಳು. ಬಂಗಾರದ ಕಾಗದದ ಕಿರೀಟ ಹೊರಬಂತು. ಆಮೇಲೆ ಬಂಗಾರದ ಬಣ್ಣ ಬಳಿದ ಚಪ್ಪಲಿ.

“ಅಯ್ಯಯ್ಯೋ! ಯಾರದ್ದೇ ಮದುವೆ?”

“ಕೊಡು ಇಲ್ಲಿ, ಮುರಿದು ಹಾಕ್ತೀಯ.” ನಿಕೊಲಾಸಾ ಕಿತ್ತುಕೊಂಡಳು. ಅವಳ ಕತ್ತು ಕೆಂಪಾಗಿತ್ತು. “ಈ ವರ್ಷ ಸೂರ್ಯನ ಹಬ್ಬದ ಆಟ ಯಾನಪಿರ್ಕದಲ್ಲಿ ಆಡಿಸ್ತಾರಂತೆ. ಕುಸ್ಕೊ ಪಟ್ಟಣದಿಂದೆಲ್ಲ ನೋಡೋಕೆ ಜನ ಬರ್ತಾರೆ. ನಂಗೆ ರಾಜಮಾತೆ ಪಾರ್ಟು.”

“ನೀನು ರಾಜಮಾತೆನಾ? ನಿನ್ನ ಮಗ ಮೊನ್ನೆ ಕುಡಿದು ಹಂದಿಗೂಡಲ್ಲಿ ಮಲಗಿದ್ನಲ್ಲೇ, ರಾಜ!” ಬೆನಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಎಪಿಫಾನಿಯಾ ನಗಲಿಲ್ಲ. “ಆಡಿಕೋ. ತುಳಿಯೋದು ಬೆಳಿಗ್ಗೆ, ಆಟ ಯಾವಾಗಾದರೂ ಆಡಿಕೋ.”

ನಿಕೊಲಾಸಾ ಚಪ್ಪಲಿಯ ಧೂಳು ಒರೆಸುತ್ತ, ಮುಖ ಎತ್ತದೆ ಹೇಳಿದಳು: “ಅದೇ ಎಪಿ... ಹಿಮದಲ್ಲಿ ತುಳಿದ್ರೆ ಕಾಲು ಕಪ್ಪಗೆ ಒಡೆದು ಹೋಗುತ್ತೆ. ಈ ಚಪ್ಪಲೀಲಿ ಎಲ್ಲಾ ಕಾಣ್ಸುತ್ತೆ. ಅದಕ್ಕೆ ನಮ್ಮ ಸೊಸೆಗೆ ಹೇಳಿದ್ದೀನಿ. ಅವಳು ಬಂದು ನಿಂಗೆ ತುಳಿದುಕೊಡ್ತಾಳೆ. ಗಟ್ಟಿ ಹುಡುಗಿ.”

ಬೆನಿತಾಳ ಬಾಯಲ್ಲಿದ್ದ ಜೋಳ ಬಾಯಲ್ಲೇ ನಿಂತಿತು.

“ಹೋದ ವರ್ಷ ನಿನಗೆ ತುಳಿದುಕೊಟ್ಟದ್ದು ನನ್ನ ಸೊಸೆಯೇನೇ?” ಎಪಿಫಾನಿಯಾಳ ದನಿ ತಣ್ಣಗಿತ್ತು. ಅವಳ ದನಿ ಏರಿದರೆ ಯಾರೂ ಹೆದರುತ್ತಿರಲಿಲ್ಲ, ಇಳಿದರೆ ಹೆದರುತ್ತಿದ್ದರು.

“ಹಾಗಲ್ಲ ಎಪಿ...”

“ನಿನ್ನ ಸೊಸೆ ಕಾಲು ನನಗೆ ಬೇಡ. ನಿನ್ನ ಸೊಸೆ ನನ್ನ ಗಡ್ಡೆ ಮುಟ್ಟಿದರೆ ಅವಳ ಕಾಲು ಮುರೀತೀನಿ. ಆಮೇಲೆ ನಿನ್ನದು.” ಎದ್ದು ಲಾಮಾಗಳನ್ನು ಹೊಡೆದುಕೊಂಡು ಹೊರಟೇಬಿಟ್ಟಳು. ಕೋಕಾ ಎಲೆಯ ಗಂಟನ್ನು ಬಿಟ್ಟು ಬಂದಿದ್ದು ಅರ್ಧ ದಾರಿಯಲ್ಲಿ ನೆನಪಾಯಿತು. ತಿರುಗಿ ನೋಡಲಿಲ್ಲ.

ಯಾನಪಿರ್ಕ ಮುಟ್ಟಿದಾಗ ಬಯಲಿನ ಬಾಯಲ್ಲಿ ಹಗ್ಗ ಕಟ್ಟಿತ್ತು. ಸೀಟಿ ಕೇಳಿಸಿತು. ಹಸಿರು ಜಾಕೀಟು ಹಾಕಿದ ಕಾವಲುಗಾರ ಓಡಿ ಬಂದ. ಹತ್ತಿರ ಬಂದವನು ಅವಳನ್ನು ನೋಡಿ ಸೀಟಿಯನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿಕೊಂಡ. ವಿಲ್ಬೆರ್. ಅವನ ಹುಟ್ಟುಗೂದಲನ್ನು ಮೊದಲ ಸಲ ಕತ್ತರಿಸಿದವಳು ಎಪಿಫಾನಿಯಾ. ಅವತ್ತಿನಿಂದ ಅವನಿಗೆ ಅವಳು ತಾಯಿಯ ಸಮ.

“ಮಮಾಯ್, ಬಯಲಲ್ಲಿ ಹಾಸೋ ಹಾಗಿಲ್ಲ. ಹಬ್ಬದ ಆಟಕ್ಕೆ ಅಂತ ಬಿಟ್ಟಿದ್ದಾರೆ. ಮೇಲಿನವರ ಅಪ್ಪಣೆ.”

“ಮೇಲಿನವರಾ? ಇಲ್ಲಿಂದ ಮೇಲೆ ಇನ್ಯಾರಿದ್ದಾರೋ? ಬರೀ ಹದ್ದು.”

“ಪುರಸಭೆಯವರು, ಮಮಾಯ್.”

“ಅವರು ಕೆಳಗಿನವರು. ಪುರಸಭೆ ಕಣಿವೇಲಿದೆ.” ಹಗ್ಗ ಎತ್ತಿ ನುಗ್ಗಿದಳು. ಅವನು ಎರಡೂ ಕೈ ಚಾಚಿ ಅಡ್ಡ ನಿಂತ. ಮುಟ್ಟಲು ಧೈರ್ಯವಿಲ್ಲ, ಬಿಡಲು ಧೈರ್ಯವಿಲ್ಲ. ಕೋಳಿ ಅಟ್ಟುವವನ ಹಾಗೆ ಎಡಕ್ಕೂ ಬಲಕ್ಕೂ ಕುಣಿದ. “ನನ್ನ ಕೆಲಸ ಹೋಗುತ್ತೆ ಮಮಾಯ್. ಗೋಡೆ ಬುಡದಲ್ಲಿ ಹಾಸ್ಕೊಳ್ಳಿ. ಅಲ್ಲಿ ನಾನು ನೋಡಲ್ಲ.”

ಗೋಡೆಯ ಬುಡ! ಅಲ್ಲಿ ಯಾರಾದರೂ ಚುನ್ಯೊ ಹಾಸುತ್ತಾರೆಯೇ? ಇಂಕಾ ಅರಸರ ಆ ಕರಿಕಲ್ಲು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಉಸಿರು ಬಿಡುತ್ತದೆ. ಕುರಿ ಕಾಯುವ ವಯಸ್ಸಿನಲ್ಲಿ ಆ ಮೂವರೂ ಅದಕ್ಕೆ ಬೆನ್ನು ಕೊಟ್ಟೇ ಮಲಗುತ್ತಿದ್ದರು. ನಮ್ಮೂರಿನ ನಾಯಿಗೂ ಅದು ಗೊತ್ತು. ಆದರೆ ಎಪಿಫಾನಿಯಾಳ ತಲೆಯಲ್ಲಿ ಆಗ ಗೋಡೆ ಇರಲಿಲ್ಲ, ಹಿಮ ಇರಲಿಲ್ಲ. ಬಂಗಾರದ ಚಪ್ಪಲಿ ಇತ್ತು. “ಹಾಸ್ತೀನಿ. ಗೋಡೆ ಬುಡದಲ್ಲೇ ಹಾಸ್ತೀನಿ. ಯಾರ ದಾಕ್ಷಿಣ್ಯಾನೂ ನನಗೆ ಬೇಡ” ಎಂದು ಚೀಲಗಳನ್ನು ಅಲ್ಲೇ ಬೋರಲು ಹಾಕಿದಳು.

ಬೆಳಿಗ್ಗೆ ಬೆನಿತಾ ಬಂದು ಒಂದು ಗಡ್ಡೆ ಒತ್ತಿ ನೋಡಿದಳು. ಅವಳ ಗಡ್ಡೆಗಳು ಹಗ್ಗದ ಹೊರಗೆ ಅವಳ ತವರಿನವರ ಜಾಗದಲ್ಲಿ ಕಲ್ಲಾಗಿದ್ದವು.

“ರಾಜರು ನಿನ್ನ ಗಡ್ಡೆಗೆ ಕಂಬಳಿ ಹೊದಿಸಿ ಮಲಗಿಸಿದ್ದಾರೆ ಕಣೇ! ನೋಡು, ಇನ್ನೂ ನಿದ್ದೆ.”

“ನಿನ್ನ ಹಲ್ಲು ಒಳಗಿಡು.”

“ಬಯಲಿಗೆ ಎಳಿ ಮಾರಾಯ್ತಿ. ನಾನೂ ಕೈಹಾಕ್ತೀನಿ.”

“ಇಲ್ಲೇ ಇರಲಿ. ನಾಳೆ ಆಗುತ್ತೆ.”

ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಒಪ್ಪಿಕೊಳ್ಳಬೇಕಲ್ಲ! ಎರಡನೆಯ ರಾತ್ರಿಯೂ ಹಾಗೇ ಹೋಯಿತು. ನಿಕೊಲಾಸಾ ಆಟದವರ ಬಿಡಾರದಲ್ಲಿದ್ದಳು. ಅವರ ನಗಾರಿ ಅಭ್ಯಾಸ ಗೋಡೆಗೆ ಬಡಿದು ಬರುತ್ತಿತ್ತು. ಎಪಿಫಾನಿಯಾ ಗಡ್ಡೆಗಳ ಪಕ್ಕ ಕೂತು ಆ ನಗಾರಿಗೆ ಬೈದಳು, ಗೋಡೆಗೆ ಬೈದಳು, ಇಂಥ ಕಡೆ ಊರು ಕಟ್ಟಿದ ಇಂಕಾ ಅರಸರಿಗೂ ಬೈದಳು. ಕೊನೆಗೆ ಗಡ್ಡೆಯೊಂದನ್ನು ಹಿಸುಕಿದಾಗ ಅದು ಮೆತ್ತಗಾಗಿ ಹುಳಿ ವಾಸನೆ ಬಂತು. ಇನ್ನೊಂದು ರಾತ್ರಿ ಇಲ್ಲೇ ಬಿಟ್ಟರೆ ವರ್ಷವಿಡೀ ಬೇರೆಯವರ ಬಾಗಿಲಲ್ಲಿ ನಿಲ್ಲಬೇಕು. ಮೆಲಿತೋನ್ ಇದ್ದಿದ್ದರೆ ಏನೂ ಅನ್ನದೆ ಎದ್ದು ಚೀಲ ಹಿಡಿದಿರುತ್ತಿದ್ದ. ಅವನು ಇಲ್ಲ. ಯಾಕಿಲ್ಲ ಎಂದು ಕೇಳುವ ಹಾಗೂ ಇಲ್ಲ. ಅವಳ ಮೈಯೆಲ್ಲ ಉರಿಯಿತು.

ಸಂಜೆ ಬಿಸಿಲು ಇಳಿಯುವಾಗ ಹಗ್ಗ ಬಿಚ್ಚಿ ಎಸೆದಳು. ಇದ್ದಬದ್ದ ಗಡ್ಡೆಯನ್ನೆಲ್ಲ ಶಾಲಿನಲ್ಲಿ ತುಂಬಿ ತುಂಬಿ ಹೊತ್ತು, ಬಯಲಿನ ನಟ್ಟನಡುವೆ, ಆಟದವರು ಸುಣ್ಣದಲ್ಲಿ ಗೆರೆ ಹಾಕಿದ್ದ ವೃತ್ತದೊಳಗೆ ಹಾಸಿದಳು. ಬೆನಿತಾಳೂ ಹೊತ್ತಳು. ವಿಲ್ಬೆರ್ ಬಂದ.

“ಮಮಾಯ್, ನಾಳೆ ಹಬ್ಬ! ಬೆಳಗಾಗುತ್ತಲೇ ತೆಗೀಬೇಕು, ಆಯ್ತಾ?”

“ಬೆಳಗಾಗುತ್ತಲೇ ಗಡ್ಡೆ ನೆಲ ಕಚ್ಚಿ ಕಲ್ಲಾಗಿರುತ್ತೆ. ನೀನು ಇದೇ ಚುನ್ಯೊ ತಿಂದು ಬೆಳೆದವನು ತಾನೇ? ಗೊತ್ತಿಲ್ವಾ?”

ಅವನಿಗೆ ಗೊತ್ತಿತ್ತು. ಬಯಲನ್ನು ನೋಡಿದ, ಗೋಡೆಯನ್ನು ನೋಡಿದ. ಆಮೇಲೆ ಬೆನ್ನು ತಿರುಗಿಸಿ ಬಹಳ ಕೆಲಸವಿದ್ದವನ ಹಾಗೆ ಇನ್ನೊಂದು ಕಡೆಯ ಹಗ್ಗ ಬಿಗಿಯಲು ಹೋದ.

ಆ ರಾತ್ರಿಯಂಥ ಹಿಮ ಆ ವರ್ಷ ಮತ್ತೆ ಬೀಳಲಿಲ್ಲ. ಬೆಳಗಾದಾಗ ಬಯಲು ಬೆಳ್ಳಗಿತ್ತು. ಗಡ್ಡೆಗಳು ಹೊಳೆಯ ಕಲ್ಲಿನ ಹಾಗೆ ಒಂದಕ್ಕೊಂದು ತಾಗಿ ಟಣ್ ಅನ್ನುತ್ತಿದ್ದವು.

ಬಿಸಿಲು ಏರಿತು. ಜನವೂ ಏರಿದರು. ಕೆಳಗೆ ಬಸ್ಸಿಳಿದು ಏದುಸಿರು ಬಿಡುತ್ತ, ಬಣ್ಣಬಣ್ಣದ ಜಾಕೆಟ್ಟು, ಕ್ಯಾಮೆರಾ. ಹಳೆಯ ಗದ್ದೆಗಳ ಮೆಟ್ಟಿಲ ತುಂಬ ಕೂತರು. ಧ್ವನಿವರ್ಧಕ ಕೂಗಿತು. ಟೈ ಕಟ್ಟಿದ ಸಂಘಟಕ ಮೈಕು ಹಿಡಿದು ಬಯಲಿಗೆ ಬಂದವನು ನಿಂತುಬಿಟ್ಟ. ಅವನ ವೃತ್ತದ ತುಂಬ ಆಲೂಗಡ್ಡೆ. ನಡುವೆ ಲಂಗ ಎತ್ತಿ ಸಿಕ್ಕಿಸಿ, ಬರಿಗಾಲಲ್ಲಿ, ಸೊಂಟಕ್ಕೆ ಕೈಯಿಟ್ಟು ನಿಂತ ಒಬ್ಬ ಮುದುಕಿ. ಗಡ್ಡೆಗಳು ಬೆವರಲು ಶುರುವಾಗಿದ್ದವು.

“ಅಮ್ಮಾ, ಇದು ಸೂರ್ಯದೇವನ ಮಹೋತ್ಸವದ ಪವಿತ್ರ ಸ್ಥಳ. ದಯವಿಟ್ಟು...”

“ಸೂರ್ಯನ ಹಬ್ಬ ತಾನೇ? ಸೂರ್ಯ ಆಗಲೇ ಬಂದ. ನನ್ನ ಗಡ್ಡೆ ಬೆವರಿಸ್ತಾ ಇದ್ದಾನೆ. ಅವನದೂ ನನ್ನದೂ ಮಾತಾಗಿದೆ. ಮಧ್ಯೆ ನೀನ್ಯಾರಪ್ಪ?”

ಅವನು ವಿಲ್ಬೆರ್ ಕಡೆ ತಿರುಗಿದ. “ಏನು ನೋಡ್ತಾ ನಿಂತಿದ್ದೀಯ? ಎತ್ತಿ ಆಚೆ ಕಳಿಸು!”

“ನನ್ನ ತಲೆಗೂದಲು ತೆಗೆದವರು ಸಾರ್. ಎತ್ತೋಕಾಗಲ್ಲ.”

“ಹಾಗಂದರೇನು?”

“ಎತ್ತೋಕಾಗಲ್ಲ ಅಂದರೆ ಎತ್ತೋಕಾಗಲ್ಲ ಸಾರ್.”

ಅಷ್ಟರಲ್ಲಿ ಶಂಖ ಮೊಳಗಿತು. ನಗಾರಿ ಬಡಿಯಿತು. ಗೋಡೆಯ ಬಾಗಿಲಿನಿಂದ ನಾಲ್ವರು ಗಂಡಸರ ಹೆಗಲ ಮೇಲೆ ಪಲ್ಲಕ್ಕಿ ಹೊರಬಂತು. ಅದರ ಮೇಲೆ ನಿಕೊಲಾಸಾ, ತಲೆಯ ಮೇಲೆ ಬಂಗಾರದ ಕಾಗದ, ಕಾಲಲ್ಲಿ ಬಂಗಾರದ ಚಪ್ಪಲಿ. ಜನ ಚಪ್ಪಾಳೆ ತಟ್ಟಿದರು. ಪಲ್ಲಕ್ಕಿ ಗಡ್ಡೆಯ ಅಂಚಿಗೆ ಬಂದು ಗಕ್ಕನೆ ನಿಂತಿತು. ಹೊತ್ತವರೆಲ್ಲ ನಮ್ಮ ಕಡೆಯವರು, ಬೆವರಿದ ಗಡ್ಡೆಯ ಮೇಲೆ ಶೂ ಕಾಲಿಡಲು ಯಾರಿಗೂ ಮನಸ್ಸು ಬರಲಿಲ್ಲ.

“ನಿಕೊಲಾಸಾ! ಇಳಿ ಕೆಳಗೆ!”

“ಎಪಿ, ಇದೇನೇ ಇದು, ಇಷ್ಟು ಜನರ ಮುಂದೆ...”

“ಜನ ನೋಡಲಿ. ಹೋದ ವರ್ಷ ಯಾರೂ ನೋಡಲಿಲ್ಲ.” ಎಪಿಫಾನಿಯಾಳ ದನಿ ಇಳಿದಿತ್ತು. ಪಲ್ಲಕ್ಕಿ ಹೊತ್ತವರಿಗೆ ಮಾತ್ರ ಕೇಳುವಷ್ಟು. “ಅವತ್ತು ನಾನು ಇಲ್ಲೇ ನಿಂತಿದ್ದೆ. ನಿನ್ನ ಗಡ್ಡೆ ಮೇಲೆ. ಅಲ್ಲಿ ಅವನು ನನ್ನ ಹೆಸರು ಕೂಗಿದ. ಓ ಅನ್ನೋಕೆ ಮನೇಲಿ ಯಾರೂ ಇರಲಿಲ್ಲ. ಒಲೆ ಆರಿತ್ತು. ನಿನ್ನ ಸೊಸೆ ಬಂದು ಅದನ್ನ ತೀರಿಸ್ತಾಳೇನೇ? ಯಾವ ಕಾಲಿಂದ? ನನಗೆ ಬರಬೇಕಾದ್ದು ಆ ಕಾಲು.” ಬಂಗಾರದ ಚಪ್ಪಲಿಯತ್ತ ಬೆರಳು ತೋರಿಸಿದಳು. “ಅದನ್ನ ಬಿಚ್ಚಿ ಇಳಿ. ಇಲ್ಲಾಂದ್ರೆ ಇವನ್ನೆಲ್ಲ ಹುಳಿಯೋಕೆ ಬಿಟ್ಟು ಹೋಗ್ತೀನಿ. ಈ ವರ್ಷ ಉಪವಾಸ ಬಿದ್ದು ಸಾಯ್ತೀನಿ. ಅದೂ ನಿನ್ನ ಲೆಕ್ಕಕ್ಕೇ.”

ನಗಾರಿಯವನು ಬಡಿಯುವುದನ್ನು ಮರೆತಿದ್ದ. ನಿಕೊಲಾಸಾ ಕಿರೀಟ ಬಿಚ್ಚಿ ಪಕ್ಕಕ್ಕಿಟ್ಟಳು. ಚಪ್ಪಲಿಗೆ ಒಳಗಿನಿಂದ ಅಂಟು ಹಾಕಿದ್ದರು, ಕಾಲಿಗೇ ಕಚ್ಚಿಕೊಂಡಿತ್ತು; ಕಿತ್ತು ಎಳೆದಾಗ ಚರ್ಮವೂ ಸ್ವಲ್ಪ ಬಂತು. ಪಲ್ಲಕ್ಕಿಯಿಂದ ಜಾರಿ ಇಳಿದು, ಲಂಗ ಎತ್ತಿ ಸಿಕ್ಕಿಸಿ, ಗಡ್ಡೆಯ ಮೇಲೆ ಕಾಲಿಟ್ಟಳು. ತಣುಪಿಗೆ ಹಲ್ಲು ಕಚ್ಚಿದಳು. ತುಳಿಯತೊಡಗಿದಳು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು! ಇದೂ ಆಟವೇ ಎಂದುಕೊಂಡರು ಪುಣ್ಯಾತ್ಮರು. ರಾಜಮಾತೆ ಪ್ರಜೆಗಳ ಜೊತೆ ಆಲೂಗಡ್ಡೆ ತುಳಿಯುವ ಪುರಾತನ ವಿಧಿ ಎಂದು ಸಂಘಟಕ ಕೂಡ ಮೈಕಿನಲ್ಲಿ ಘೋಷಿಸಿಬಿಟ್ಟ. ಕ್ಯಾಮೆರಾ ಹಿಡಿದ ಒಬ್ಬ ಹತ್ತಿರ ಬಂದ. ಎಪಿಫಾನಿಯಾ ಒಂದು ಗಡ್ಡೆ ಎತ್ತಿ ಬೀಸಿದಳು. ಅವನ ಟೋಪಿ ಹಾರಿತು. ಅದಕ್ಕೂ ಚಪ್ಪಾಳೆ ಬಿತ್ತು. ಬೆನಿತಾ ನಕ್ಕೂ ನಕ್ಕೂ ನೆಲಕ್ಕೆ ಕೂತಳು, ಆಮೇಲೆ ಎದ್ದು ತಾನೂ ಬರಿಗಾಲಾಗಿ ಸೇರಿಕೊಂಡಳು.

ಎಪಿಫಾನಿಯಾ ನಿಕೊಲಾಸಾಳ ಕಾಲನ್ನೇ ನೋಡುತ್ತ ತುಳಿದಳು. ಕೆಂಪಾಯಿತು. ನೀಲಿಯಾಯಿತು. ಹಿಮ್ಮಡಿ ಬಿರಿಯಿತು. ವರ್ಷವಿಡೀ ಕಾದದ್ದು ಇದಕ್ಕೇ. ಆದರೂ ಆ ಬೆಳಿಗ್ಗೆ ಮುಗಿಯುತ್ತಿಲ್ಲವಲ್ಲ! ಅದು ಇನ್ನೂ ಸಿಟ್ಟು ತರಿಸಿತು. “ಇಷ್ಟಕ್ಕೆ ಯಾಕೆ ಬರಲ್ಲ ಅಂದೆ? ಒಂದು ಬೆಳಿಗ್ಗೆ ಕೆಲಸ! ಕಾಗದದ ಟೋಪಿ ಹೆಚ್ಚಾಯ್ತಾ?”

“ಟೋಪಿ ಸಿಕ್ಕಿದ್ದು ನೆಪ” ನಿಕೊಲಾಸಾ ಉಸಿರು ಎಳೆದುಕೊಂಡಳು. “ನಿನ್ನ ಪಕ್ಕ ನಿಂತು ತುಳಿಯೋಕೆ ನಂಗೆ ಮುಖ ಇರಲಿಲ್ಲ. ನೀನು ತುಳಿದು ಕೊಟ್ಟದ್ದು... ನಾನು ತಿಂದಿಲ್ಲ ಎಪಿ.”

ಎಪಿಫಾನಿಯಾಳ ಕಾಲು ನಿಂತಿತು. “ಏನಂದೆ?”

“ತಿನ್ನೋಕಾಗಲಿಲ್ಲ. ಬೇಯೋಕೆ ಇಟ್ಟೆ, ಇಳಿಸಿಬಿಟ್ಟೆ. ಚೀಲ ಹಾಗೇ ಮೂಲೇಲಿದೆ. ಅದಕ್ಕೇ ಈ ವರ್ಷ ಹೊಸದು ತರಲಿಲ್ಲ. ಅದನ್ನ ಇಟ್ಕೊಂಡು ಹೊಸದು ಹೇಗೆ ಮಾಡಲಿ?”

ಬೆನಿತಾ ನಡುವೆ ಬಂದಳು, ಹೊಡೆದಾಟ ಆಗುತ್ತದೆ ಅಂತ. ಆಗಿದ್ದರೂ ಆಗುತ್ತಿತ್ತು. ಎಪಿಫಾನಿಯಾಳ ಮುಖ ನಿಜವಾಗಿ ರೊಕೊತೊ ಆಗಿತ್ತು.

“ಒಂದು ವರ್ಷ! ಒಂದು ವರ್ಷ ಮೂಲೇಲಿ ಹಾಕಿದ್ದೀಯಾ? ಇಲಿಗೆ? ಹುಳಕ್ಕೆ? ಅವನು ಹೋಗು ಅಂದ. ‘ಅವಳ ಗಡ್ಡೆ ಹಾಳಾಗಬಾರದು’ ಅಂದ. ಅವನು ನನಗೆ ಹೇಳಿದ ಕೊನೇ ಮಾತು ನಿನ್ನ ಗಡ್ಡೆ ಬಗ್ಗೆ ಕಣೇ! ನೀನು ಅದನ್ನೇ ಹಾಳು ಮಾಡಿದ್ರೆ, ಹಾಗಾದರೆ ನಾನು ಯಾತಕ್ಕೆ ಇಲ್ಲಿದ್ದೆ? ಹೇಳು! ಯಾತಕ್ಕೆ ಇಲ್ಲಿದ್ದೆ ನಾನು?”

ಆಗ ಅವಳು ಅತ್ತಳು. ಸಿಟ್ಟಿನಿಂದಲೇ ಅತ್ತಳು, ಅತ್ತುಕೊಂಡೇ ತುಳಿದಳು. ಗಡ್ಡೆಯ ನೀರು ಲಂಗದವರೆಗೆ ಚಿಮ್ಮಿತು. ನಿಕೊಲಾಸಾಳೂ ಅಳುತ್ತ ತುಳಿದಳು. ಮೇಲೆ ಕೂತವರಿಗೆ ಏನೂ ಕೇಳಲಿಲ್ಲ. ಅವರು ಜೋಳದ ಹುರಿಗಾಳು ತಿನ್ನುತ್ತ ನೋಡಿದರು.

ಕೆಲವು ದಿನ ಕಳೆದು ಚುನ್ಯೊ ಒಣಗಿ ಹಗುರಾದ ಮೇಲೆ ಮೂವರೂ ಇಳಿದರು. ಊರು ಮುಟ್ಟಿದ ಮೇಲೆ ಎಪಿಫಾನಿಯಾ ತನ್ನ ಮನೆಗೆ ಹೋಗದೆ, ಲಾಮಾಗಳ ಹೊರೆ ಕೂಡ ಇಳಿಸದೆ, ನೇರ ನಿಕೊಲಾಸಾಳ ಮನೆಗೆ ನುಗ್ಗಿದಳು. ಮೂಲೆಯಲ್ಲಿದ್ದ ಚೀಲ ಎಳೆದಳು. ಬಾಯಿ ಬಿಚ್ಚಿ ಒಂದು ಚುನ್ಯೊ ತೆಗೆದು ಮೂಸಿದಳು, ಹಲ್ಲಲ್ಲಿ ಕಚ್ಚಿದಳು. ಇಲಿ ಮುಟ್ಟಿರಲಿಲ್ಲ.

“ನೆನೆಹಾಕು. ಒಲೆ ಹಚ್ಚು.”

“ಇವಾಗ್ಲಾ?”

“ಇನ್ನೂ ಒಂದು ವರ್ಷ ಇಡೋಣ ಅಂತೀಯಾ?”

ಅವತ್ತು ಅವಳು ಅಲ್ಲೇ ಕೂತಳು. ಚುನ್ಯೊ ನೆನೆಯುವತನಕ, ಬೇಯುವತನಕ, ಕದಲಲಿಲ್ಲ. ಬೆನಿತಾ ಎರಡು ಸಲ ನಗೆಮಾತು ತೆಗೆದಳು, ಯಾರೂ ನಗಲಿಲ್ಲ. ಸಾರು ಆಯಿತು. ನಿಕೊಲಾಸಾ ಮೊದಲ ಬಟ್ಟಲು ಎಪಿಫಾನಿಯಾಳ ಮುಂದಿಟ್ಟಳು.

“ಮೊದಲು ನೀನು” ಅಂದಳು ಎಪಿಫಾನಿಯಾ.

ನಿಕೊಲಾಸಾ ಚಮಚ ಎತ್ತಿದಳು. ಎಪಿಫಾನಿಯಾ ಅವಳ ಬಾಯಿಯನ್ನೇ ನೋಡಿದಳು, ಬಯಲಲ್ಲಿ ಕಾಲನ್ನು ನೋಡಿದ ಹಾಗೆ. ನಿಕೊಲಾಸಾ ಅಗಿದಳು, ನುಂಗಿದಳು. ಎರಡನೆಯ ಚಮಚ ತಾನಾಗಿಯೇ ತೆಗೆದುಕೊಂಡಳು. ಆಗ ಎಪಿಫಾನಿಯಾ ತನ್ನ ಬಟ್ಟಲನ್ನು ಎಳೆದುಕೊಂಡು ಒಂದು ಗುಟುಕು ಕುಡಿದಳು.

“ಉಪ್ಪು ಎಲ್ಲಿ? ಅರವತ್ತು ದಾಟಿತು, ಸಾರಿಗೆ ಉಪ್ಪು ಹಾಕೋಕೆ ಬರಲ್ಲ. ಇವಳು ರಾಜಮಾತೆಯಂತೆ!”

ನಿಕೊಲಾಸಾ ಉಪ್ಪಿನ ಕಲ್ಲು ತಳ್ಳಿದಳು. ಎಪಿಫಾನಿಯಾ ಬೈಯುತ್ತಲೇ ಬಟ್ಟಲು ಖಾಲಿ ಮಾಡಿ, ಮುಂದೆ ಚಾಚಿದಳು. ನಿಕೊಲಾಸಾ ತುಂಬಿಸಿ ಕೊಟ್ಟಳು. ಹೊರಗೆ ಹೊರೆ ಹೊತ್ತ ಲಾಮಾಗಳು ಬಾಗಿಲಿಗೆ ಮೂತಿ ಹಾಕಿ ಗುರುಗುಟ್ಟುತ್ತಿದ್ದವು. ಅವಕ್ಕೂ ಕೂತಲ್ಲಿಂದಲೇ ಬೈಗುಳ ಹೋಯಿತು.